ಮಕ್ಕಳ ಜೊತೆ ಕೂತು ಚರಿತ್ರೆ ನೋಡೋಣ



ಹತ್ತು-ಹನ್ನೊಂದರ ಮಕ್ಕಳಿಗೆ ಗಂಭೀರ ಐತಿಹಾಸಿಕ ಚಿತ್ರ ತೋರಿಸಬಾರದು, ಹೆದರುತ್ತಾರೆ ಎನ್ನುವವರಿದ್ದಾರೆ. ಹಿರಿಯರು ಜೊತೆಗೆ ಕೂತು, ಬೇಕಾದಲ್ಲಿ ನಿಲ್ಲಿಸಿ ಮಾತಾಡಿದರೆ ಆ ಭಯವಿಲ್ಲ.

ಜಬ್ಬಾರ್ ಪಟೇಲರ ‘ಡಾ. ಬಾಬಾಸಾಹೇಬ್ ಅಂಬೇಡ್ಕರ್’ ಚಿತ್ರವನ್ನು ಹನ್ನೊಂದರ ಮೊಮ್ಮಗಳೊಡನೆ ಎರಡು ದಿನ ನೋಡಿದೆ. 1927ರ ಮಹಾಡ ಕೆರೆಯ ಸತ್ಯಾಗ್ರಹ ಬಂದಾಗ, “ಅಜ್ಜಾ, ನೀರು ಕುಡದ್ರ ಯಾಕ ಹೊಡೀತಾರ?” ಎಂದಳು. ಚಿತ್ರ ನಿಲ್ಲಿಸಿ ಕಲ್ಯಾಣದ ಕಥೆ ಹೇಳಿದೆ: ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ತಂದದ್ದು, ಅದಕ್ಕೆ ಆ ಶರಣರು ಎಳೆಹೂಟೆಗೆ ಬಲಿಯಾದದ್ದು. “ಈಗ ನಮ್ಮೊಳಗ ಹಂಗ ಮದುವಿ ಮಾಡ್ತಾರೇನ?” ಎಂದು ಮತ್ತೆ ಕೇಳಿದಳು. “ಭಾಳ ಕಡಿಮಿ, ಪುಟ್ಟಾ” ಎಂದು ನಿಜವನ್ನೇ ಹೇಳಿದೆ.

ನಾವು ಹೆದರುವುದು ಇಂಥ ಪ್ರಶ್ನೆಗೆ. ಒಳಪಂಗಡ ನೋಡಿಯೇ ಬೀಗತನ ಮಾಡುವ ನಮಗೆ ಉತ್ತರ ಸುಲಭವಲ್ಲ.

ಸಿನಿಮಾವೇ ಇತಿಹಾಸವಲ್ಲ, ಕಂಡದ್ದನ್ನು ಗ್ರಂಥಗಳೊಡನೆ ಹೋಲಿಸುವುದನ್ನೂ ಮಕ್ಕಳಿಗೆ ಕಲಿಸೋಣ. ಅವರ ಪ್ರಶ್ನೆಗೆ ಉತ್ತರ ಮಾತ್ರ ನಮ್ಮ ನಡೆಯಲ್ಲಿರಲಿ. ಮನೆಯ ಮುಂದಿನ ಮದುವೆಯ ಮಾತುಕತೆಯಲ್ಲಿ ಒಳಪಂಗಡ ಕೇಳುವುದನ್ನು ಬಿಡೋಣ.