ಎರಡು ಕಾಡುಗಳ ನಡುವಣ ಹಾದಿ

ನಮ್ಮ ಹೈದರಾಬಾದಿನ ಮಹಾವೀರ ಹರಿಣ ವನಸ್ಥಲಿಯನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಒಂದು ಕಾಲಕ್ಕೆ ನಿಜಾಮರ ಬೇಟೆಯ ಬಯಲಾಗಿದ್ದ ಆ ನೆಲ 1975ರಲ್ಲಿ ಕೃಷ್ಣಮೃಗಗಳಿಗೆ ಆಶ್ರಯವಾಯಿತು. ಇಂದು ಸುತ್ತಲೂ ಮನೆಗಳೆದ್ದು ಅದು ನಡುಗಡ್ಡೆಯಂತಾಗಿದೆ. ಬೇಲಿಯು ಮೃಗವನ್ನು ಕಾಯಬಲ್ಲುದು, ಹಾದಿಯನ್ನು ಕೊಡಲಾರದು. ಹೊರಗಿನ ಸಂಬಂಧ ಕಡಿದುಹೋದ ಹಿಂಡು ಕಾಲಕ್ರಮದಲ್ಲಿ ಕ್ಷೀಣಿಸುವ ಭಯವುಂಟು.

ಇದಕ್ಕೆ ಪರಿಹಾರವನ್ನು ಕನ್ನಡನಾಡು ತೋರಿಸಿಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಕಾಡನ್ನೂ ಕೊಳ್ಳೇಗಾಲದ ಕಾಡನ್ನೂ ಕೂಡಿಸುವ ಎಡೆಯಾರಳ್ಳಿ–ದೊಡ್ಡಸಂಪಿಗೆ ಆನೆದಾರಿಗೆ ಹೊಲಗಳು ಅಡ್ಡವಾಗಿದ್ದವು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆಯು ಸುಮಾರು 25 ಎಕರೆ ನೆಲವನ್ನು ಒಡೆಯರಿಂದ ಬೆಲೆಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ನೆಲ ಅಲ್ಪವೇ, ಆದರೆ ಅದು ಎರಡು ಕಾಡುಗಳ ನಡುವೆ ಇದ್ದುದೇ ಅದರ ಬೆಲೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರಾದರೋ ಊರಿನ ಹುಣಿಸೆ ಮರಗಳನ್ನೇ ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆನಿಸಿತು.

ಕಾಡನ್ನು ಕಾಯುವುದು ಸರ್ಕಾರದ ಕೆಲಸವೆಂದು ಹೇಳುವವರುಂಟು. ನಾವು ಇದನ್ನು ಪೂರ್ಣವಾಗಿ ಒಪ್ಪಲಾರೆವು. ಕಾಡು ಸರ್ಕಾರದ್ದಾದರೂ ಕಾಡುಗಳ ನಡುವಣ ನೆಲ ಹಲವರದು. ರೈತನೂ ಸಂಸ್ಥೆಯೂ ಇಲಾಖೆಯೂ ಕೂಡಿ ನಡೆದಲ್ಲದೆ ಹಾದಿ ಉಳಿಯದು. ನಗರದ ಮಕ್ಕಳಾದ ನಮ್ಮಲ್ಲಿ ಎಕರೆಗಳಿಲ್ಲ. ಆದರೆ ನಮ್ಮ ಬೀದಿಯ ಮರವಿದೆ, ಬಡಾವಣೆಯ ಕೆರೆಯಂಚಿದೆ. ಅವುಗಳನ್ನು ಕೂಡಿ ಕಾಯುವುದರಿಂದಲೇ ನಾವು ಮೊದಲುಮಾಡೋಣ.