ಹೊಳೆಯ ಎರಡು ದಡ

ರಜೆಯಲ್ಲಿ ಪರದೇಶ ಪ್ರವಾಸ ಕೈಗೊಳ್ಳುವವರಲ್ಲಿ, ತಂಡದ ಬಸ್ಸಿನ ಕಟ್ಟುಪಾಡನ್ನು ಒಲ್ಲದೆ ಬಾಡಿಗೆಯ ಮೋಟಾರನ್ನು ತಾವೇ ನಡೆಸಿಕೊಂಡು ಹೋಗಬಯಸುವವರು ಈಗ ನಮ್ಮಲ್ಲಿಯೂ ಉಂಟು. ಅಂಥವರಿಗೆ ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್ ಹೇಳಿ ಮಾಡಿಸಿದ ಪ್ರಾಂತ. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಬದಿಯ ಸಂಚಾರ. ಇಲ್ಲಿ ಬಿಸಿಲು ಸುಡುವ ಏಪ್ರಿಲ್-ಮೇ ತಿಂಗಳುಗಳು ಅಲ್ಲಿ ಮಳೆ ಹಿಂದೆಗೆದು ಆಕಾಶ ತಿಳಿಯಾಗುವ ಕಾಲ. ಅಧ್ಯಾಪಕರ ರಜೆಗೆ ಇದಕ್ಕಿಂತ ಅನುಕೂಲವೇನು ಬೇಕು?

ಆದರೆ ನಮ್ಮವರು ಹಾಕಿಕೊಳ್ಳುವ ಯೋಜನೆ ಸಾಮಾನ್ಯವಾಗಿ ಒಂದೇ ಬಗೆಯದು. ಡರ್ಬನ್ನಿನಲ್ಲಿ ಇಳಿಯುವುದು, ೧೮೯೩ರ ಜೂನ್ ೭ರ ರಾತ್ರಿ ಗಾಂಧೀಜಿಯವರನ್ನು ರೈಲಿನಿಂದ ಹೊರದೂಡಿದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದು, ಡ್ರಾಕೆನ್ಸ್‌ಬರ್ಗ್ ಪರ್ವತಶ್ರೇಣಿಯನ್ನು ಒಂದು ಹಗಲಿನಲ್ಲಿ ಕಂಡು ಮೃಗವನದತ್ತ ಧಾವಿಸುವುದು. ಆ ಬೆಟ್ಟಗಳ ಬಂಡೆಯಾಸರೆಗಳಲ್ಲಿ ಸಾನ್ ಜನರು ಬರೆದ ಚಿತ್ರಗಳನ್ನು ನೋಡಲು ಒಂದು ಹಗಲು ಎಲ್ಲಿ ಸಾಕಾದೀತು! ಅದಕ್ಕಿಂತ ದೊಡ್ಡ ಲೋಪವೆಂದರೆ ಡಂಡಿ ಪಟ್ಟಣದ ಸುತ್ತಲಿನ ರಣಭೂಮಿಗಳನ್ನು ಬಿಟ್ಟುಬಿಡುವುದು. ಅವುಗಳಿಗಾಗಿ ಮೂರು ದಿನವನ್ನಾದರೂ ತೆಗೆದಿಡಬೇಕೆಂಬುದು ನಮ್ಮ ಅಭಿಪ್ರಾಯ.

ಇಸಾಂಡ್ಲ್ವಾನ ಎಂಬ ಒಂಟಿ ಗುಡ್ಡದ ಕೆಳಗೆ ೧೮೭೯ರ ಜನವರಿ ೨೨ರಂದು ಸುಮಾರು ೨೦,೦೦೦ ಜುಲು ಯೋಧರು ಬ್ರಿಟಿಷ್ ಪಾಳೆಯದ ಮೇಲೆ ಎರಗಿದರು. ಆ ಪಾಳೆಯದಲ್ಲಿ ಮಡಿದವರು ೧,೩೦೦ಕ್ಕೂ ಮಿಗಿಲು. ಅವರು ಬಿದ್ದಲ್ಲೆಲ್ಲ ಸುಣ್ಣ ಬಳಿದ ಕಲ್ಲುಗುಪ್ಪೆಗಳಿವೆ. ಗೆದ್ದವರಲ್ಲಿಯೂ ಸಾವಿರಕ್ಕೆ ಕಡಮೆಯಿಲ್ಲದಷ್ಟು ಜನ ಸತ್ತಿದ್ದರು. ಆ ಜುಲು ವೀರರಿಗಾಗಿ ಪರಾಕ್ರಮದ ಕಂಠಹಾರದ ಆಕಾರದಲ್ಲಿ ಕಂಚಿನ ಸ್ಮಾರಕ ಅಲ್ಲಿ ಎದ್ದುದು ೧೯೯೯ರಲ್ಲಿ. ಎಂದರೆ ನೂರ ಇಪ್ಪತ್ತು ವರ್ಷಗಳ ತರುವಾಯ! ಅದೇ ದಿನ ಸಮೀಪದ ರೋರ್ಕ್ಸ್ ಡ್ರಿಫ್ಟಿನಲ್ಲಿ ನೂರೈವತ್ತರಷ್ಟು ಬ್ರಿಟಿಷ್ ಸೈನಿಕರು ರಾತ್ರಿಯಿಡೀ ತಡೆದು ನಿಂತರು. ಅವರಿಗೆ ಹನ್ನೊಂದು ವಿಕ್ಟೋರಿಯಾ ಪದಕಗಳು ಸಂದವು, ೧೯೬೪ರಲ್ಲಿ ಚಲನಚಿತ್ರವೂ ಬಂದಿತು. ಸೋಲಿನ ಸುದ್ದಿಯನ್ನು ಮರೆಸಲು ಪಕ್ಕದ ಸಣ್ಣ ಗೆಲವು ಒದಗಿಬಂದಿತೆಂದರೆ ತಪ್ಪಾಗದು.

ಇನ್ನು ಎನ್‌ಕೋಮೆ ಹೊಳೆ. ೧೮೩೮ರ ಡಿಸೆಂಬರ್ ೧೬ರಂದು ಬಂಡಿಗಳ ಕೋಟೆ ಕಟ್ಟಿಕೊಂಡಿದ್ದ ಬೋಯರರ ಬಂದೂಕುಗಳಿಗೆ ಸುಮಾರು ೩,೦೦೦ ಜುಲುಗಳು ಆಹುತಿಯಾದರು. ಬೋಯರರಲ್ಲಿ ಒಬ್ಬನೂ ಸಾಯಲಿಲ್ಲ. ಗೆದ್ದವರು ಅದನ್ನು ರಕ್ತದ ಹೊಳೆಯೆಂದು ಕರೆದರು. ಒಂದು ದಡದಲ್ಲಿ ೬೪ ಕಂಚಿನ ಬಂಡಿಗಳು ಇಂದಿಗೂ ವರ್ತುಲವಾಗಿ ನಿಂತಿವೆ. ಎದುರು ದಡದಲ್ಲಿ, ಕಾಡುಕೋಣದ ಕೊಂಬಿನಂತೆ ಬಾಗಿದ ಜುಲು ವ್ಯೂಹದ ರೂಪದಲ್ಲಿ ಕಟ್ಟಿದ ವಸ್ತುಸಂಗ್ರಹಾಲಯವಿದೆ. ಬೋಯರರ ಹರಕೆಯ ಹಬ್ಬವಾಗಿದ್ದ ಆ ದಿನವನ್ನು ೧೯೯೫ರಿಂದ ಸಾಮರಸ್ಯದ ದಿನವೆಂದು ಆಚರಿಸುತ್ತಾರೆ. ಒಂದೇ ದಡವನ್ನು ಕಂಡು ಮರಳುವವನು ಅರ್ಧ ಕಥೆಯನ್ನೇ ಇಡಿಯೆಂದು ನಂಬಿ ಬಂದಾನು.

ಗಾಂಧೀಜಿಯವರ ಕಥೆಯೂ ನಿಲ್ದಾಣದಲ್ಲಿ ಮುಗಿಯುವುದಿಲ್ಲ. ೧೯೦೬ರಲ್ಲಿ ಜುಲುಗಳು ದಂಗೆಯೆದ್ದಾಗ ಅವರು ಸರ್ಕಾರದ ಪರವಾಗಿ ಶುಶ್ರೂಷಾ ದಳವೊಂದನ್ನು ಕಟ್ಟಿಕೊಂಡು ಹೋದರು. ಅಲ್ಲಿ ಬಿಳಿಯರು ಮುಟ್ಟಲೊಲ್ಲದ ಜುಲು ಗಾಯಾಳುಗಳ ಆರೈಕೆಯೇ ಅವರ ಪಾಲಿಗೆ ಬಂದಿತು. ನಟಾಲನ್ನು ನಮ್ಮ ಚರಿತ್ರೆಯ ಒಂದು ಅಧ್ಯಾಯವೆಂದಷ್ಟೇ ಬಲ್ಲವರು ಆ ನೆಲದ ಒಡೆಯರನ್ನೂ ಒಮ್ಮೆ ನೋಡಬೇಡವೆ?

ವ್ಯಾವಹಾರಿಕ ಮಾತು ಸ್ವಲ್ಪ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಂದಲೇ ಪಡೆದೊಯ್ಯುವುದು ಮೇಲು. ರಣಭೂಮಿಗಳ ದಾರಿ ಹಲವೆಡೆ ಮಣ್ಣಿನದು, ದನಕರುಗಳು ಅಡ್ಡಬರುತ್ತವೆ. ಮೇ ತಿಂಗಳಲ್ಲಿ ಐದೂವರೆಯೊಳಗೆ ಸೂರ್ಯಾಸ್ತ. ಆದುದರಿಂದ ದಿನದ ಗುರಿಯನ್ನು ಕಿಲೋಮೀಟರಿನಿಂದ ಅಳೆಯದೆ ಹೊತ್ತಿನಿಂದ ಅಳೆಯಬೇಕು, ಕತ್ತಲೆಗೆ ಮುನ್ನ ಬಿಡಾರ ಸೇರಬೇಕು. ಮೋಟಾರಿನಲ್ಲಿ ಒಂದು ಆಸನವನ್ನು ತೆರವಾಗಿಟ್ಟುಕೊಂಡರೆ ಒಳಿತು: ಅಜ್ಜಂದಿರಿಂದ ಕೇಳಿದ ಯುದ್ಧಕಥೆಯನ್ನು ಹೇಳಬಲ್ಲ ಜುಲು ಮಾರ್ಗದರ್ಶಿಗಳು ಆ ಸೀಮೆಯಲ್ಲಿ ದೊರೆಯುತ್ತಾರೆ.