ಕಡಲಿಗೆ ಕಲ್ಲು, ನಮಗೆ ಮರಳು

ಮಳೆಗಾಲ ಬಂತೆಂದರೆ ಉಳ್ಳಾಲದಲ್ಲಿ ಕಲ್ಲಿನ ಲಾರಿಗಳ ಸರದಿ ಶುರು. ಮನೆ, ತೆಂಗಿನಮರ ಕಡಲು ಪಾಲಾದ ಮೇಲೆ ಮಂತ್ರಿಗಳು ಬರುತ್ತಾರೆ, 'ಶಾಶ್ವತ ಪರಿಹಾರ' ಎನ್ನುತ್ತಾರೆ. ಸುರಿದ ಕಲ್ಲು ಮರಳಲ್ಲಿ ಹೂತುಹೋಗುತ್ತದೆ. ಮುಂದಿನ ವರ್ಷ ಮತ್ತೆ ಕಲ್ಲು, ಮತ್ತೆ ಬಿಲ್ಲು.

ಕಡಲನ್ನು ಕಳ್ಳನೆನ್ನುವುದು ಸುಲಭ. ದಡಕ್ಕೆ ಸೇರಬೇಕಿದ್ದ ಮರಳನ್ನು ಕದ್ದವರು ಯಾರು? ತುಂಬೆಯಲ್ಲಿ ನೇತ್ರಾವತಿಗೆ ಅಣೆಕಟ್ಟು ಕಟ್ಟಿದೆವು. ಹೊಳೆಯ ಮರಳನ್ನು ಲಾರಿಗಟ್ಟಲೆ ಘಟ್ಟ ಹತ್ತಿಸಿದೆವು. ಅಳಿವೆಬಾಗಿಲಲ್ಲಿ ದೋಣಿಗಳ ದಾರಿಗೆಂದು ಕಲ್ಲಿನ ತಡೆಗೋಡೆ ಚಾಚಿದೆವು. ಅಲೆಯೊಂದಿಗೆ ದಡದುದ್ದಕ್ಕೂ ಸಾಗುವ ಮರಳು ಗೋಡೆಯ ಒಂದು ಬದಿಗೆ ತಡೆದು ನಿಂತರೆ ಇನ್ನೊಂದು ಬದಿ ಸವೆಯದೆ ಇನ್ನೇನಾದೀತು? ಬೆಂಗಳೂರಿನ ವಸಂತಪುರದಲ್ಲಿ ಮನೆ ಕಟ್ಟಿಸಿದ ನಾನೂ ಈ ಪಾಲುದಾರರಲ್ಲಿ ಒಬ್ಬ. ಮರಳು ಯಾವ ಹೊಳೆಯದೆಂದು ಮೇಸ್ತ್ರಿಯನ್ನು ಕೇಳಲೇ ಇಲ್ಲ.

2010ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಸಾಲ ಮಂಜೂರು ಮಾಡಿತು. ಅಲೆಯ ರಭಸ ತಗ್ಗಿಸಲು ಉಳ್ಳಾಲದ ಕಡಲೊಳಗೆ ಕೃತಕ ದಿಬ್ಬಗಳೆದ್ದವು. ಆದರೆ 2022ರ ಮಳೆಗಾಲದಲ್ಲಿ ಪಕ್ಕದ ಉಚ್ಚಿಲ ಬಟ್ಟಪ್ಪಾಡಿಯ ರಸ್ತೆಯನ್ನೇ ಕಡಲು ನುಂಗಿತು. ಈಗ ಅಲ್ಲಿಗೂ ಕಲ್ಲು ಬೇಕು, ಆಮೇಲೆ ಅದರಾಚೆಗೂ.

ಅಳಿವೆಯಲ್ಲಿ ಎತ್ತುವ ಮರಳನ್ನು ಮಾರುವುದು ಬಿಟ್ಟು ಸವೆದ ದಡಕ್ಕೇ ಹಾಕಲಿ. ಉಳಿದ ಮರಳದಿಬ್ಬಗಳನ್ನು ರೆಸಾರ್ಟಿಗಾಗಿ ಸಮತಟ್ಟು ಮಾಡದಿರಲಿ. ಮನೆ ಕಳೆದುಕೊಂಡ ಮೊಗವೀರರಿಗೂ ಬ್ಯಾರಿಗಳಿಗೂ ಕಡಲಿಗೆ ನಡೆದುಹೋಗುವಷ್ಟು ಹತ್ತಿರದಲ್ಲೇ, ಅಲೆ ತಲುಪದ ಕಡೆ ನಿವೇಶನ ಕೊಡಲಿ. ಅದೂ ಮೇ ತಿಂಗಳೊಳಗೆ; ಜುಲೈಯಲ್ಲಿ ಶಾಲೆಯ ಕೋಣೆಯೊಳಗೆ ಗಂಜಿಕೇಂದ್ರ ತೆರೆದ ಮೇಲಲ್ಲ.